ತಂಡ ಎಂಬ ಸಾಲು

ಫಾರ್ಗೊದಿಂದ ಉತ್ತರಕ್ಕೆ ಎಪ್ಪತ್ತು ಮೈಲಿ, ಫೆಬ್ರವರಿ.
ಹೊರಗೆ ಕಾರುಗಳೆಲ್ಲ ಕರೆಂಟು ಕಂಬಕ್ಕೆ
ಮೂಗುದಾರ ಕಟ್ಟಿಸಿಕೊಂಡು ನಿಂತಿವೆ,
ಇಂಜಿನ್ನಿನ ನೆತ್ತರು ಹೆಪ್ಪುಗಟ್ಟದಿರಲೆಂದು.

ಒಳಗೆ, ಅಂಕಣದ ಬದಿಯ ಉದ್ದ ಮೇಜಿನಲ್ಲಿ
ಸೆಲ್ಮರ್ ಟ್ವೆಟನ್ ಕಣ್ಣು, ನಾನು ಬೆರಳು.
ಅವರು ಕೂಗುವುದು, ನಾನು ಕೀಲಿ ಒತ್ತುವುದು.
"ನಾಲ್ಕು, ಎಡಮೂಲೆ, ಮೂರಕ್ಕೆ. ಇಲ್ಲ.
ರೀಬೌಂಡ್ ಇಪ್ಪತ್ತೆರಡು.
ಮತ್ತೆ ನಾಲ್ಕು. ಬಿತ್ತು.
ಅಸಿಸ್ಟ್ ಹಾಕಬೇಡ, ಮೂರು ಸಲ ಪುಟಿಸಿದಳು."

ಮೂವತ್ತೊಂಬತ್ತು ವರ್ಷ ಧಾನ್ಯದ ಗೋದಾಮಿನಲ್ಲಿ
ಲಾರಿ ತೂಗಿದವರು.
ತುಂಬಿ ಬಂದದ್ದೊಂದು ತೂಕ, ಬರಿದಾಗಿ ಹೋದದ್ದೊಂದು ತೂಕ,
ನಡುವೆ ಉಳಿದದ್ದು ಗೋಧಿ.
ತಮ್ಮನ ಲಾರಿಗೂ ಅದೇ ಮುಳ್ಳು, ಅದೇ ಕಳೆಯುವ ಲೆಕ್ಕ.
ಆ ತಮ್ಮ ಎರಡು ಸುಗ್ಗಿ ಮಾತು ಬಿಟ್ಟನಂತೆ.
ಇದನ್ನು ಅರ್ಧವಿರಾಮದಲ್ಲಿ
ಪಾಪ್‌ಕಾರ್ನ್ ಅಗಿಯುತ್ತ ಹೇಳಿದರು,
ಬೇರೆ ಯಾರದೋ ತಮ್ಮನೆಂಬಂತೆ.

ಅಂದಹಾಗೆ ಇಪ್ಪತ್ತೆರಡು ಅವರ ಮೊಮ್ಮಗಳು, ಮಾರಿತ್.
ಮೇಜಿನೆದುರು ಕೂತ ಮೇಲೆ ಆ ಹೆಸರು
ಅವರ ಬಾಯಲ್ಲಿ ಬಂದದ್ದಿಲ್ಲ.
ನಾಲ್ಕು ಎಂದರೆ ಡೆಸಾ ಲಾವಲಿ,
ಇಪ್ಪತ್ತು ಎಸೆದು ಏಳು ಹಾಕಿದವಳು,
ಹದಿಮೂರು ಸಲ ಕಬ್ಬಿಣದ ಬಳೆ ಬೇಡವೆಂದರೂ
ಮತ್ತೆ ಮೊಣಕಾಲು ಬಗ್ಗಿಸಿದವಳು.
ಹದಿನೈದು, ಕೋರಾ ಸ್ಟಾಲ್: ಒಂದೇ ನಿಮಿಷ.
ಸೊನ್ನೆ, ಸೊನ್ನೆ, ಸೊನ್ನೆ, ಒಂದು ಫೌಲು.
ಆ ಫೌಲಿಗೆ ಅವಳಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ;
ಸುತ್ತಲಿನವರು ತಿರುಗಿ ನೋಡಿದರು.

ಹನ್ನೊಂದು ಸೆಕೆಂಡು ಉಳಿದಿತ್ತು. ನಾವು ಮೂರು ಹಿಂದೆ.
ಡೆಸಾ ಎಸೆದದ್ದು ಬಳೆಗೆ ಬಡಿದು ಎಗರಿತು.
ಮಾರಿತ್ ಹೆಸರಿನಲ್ಲಿ ಆಗಲೇ ಹದಿನಾಲ್ಕು ಪಾಯಿಂಟು, ಒಂಬತ್ತು ರೀಬೌಂಡು;
ಹತ್ತಾದರೆ ಎರಡೂ ಕಡೆ ಎರಡಂಕಿ,
ನಾಲ್ಕು ವರ್ಷದಲ್ಲಿ ಮೊದಲ ಸಲ,
ಮತ್ತು ಇದು ಅವಳ ಕೊನೆಯ ಆಟ.
ಅವಳ ಬೆರಳ ತುದಿ ತಾಗಿತು. ನಾನು ಕಂಡೆ.
ಚೆಂಡು ಎದುರಾಳಿಯ ಮೊಣಕಾಲಿಗೆ ತಗುಲಿ
ಗೆರೆಯಾಚೆ ಉರುಳಿತು.
ರೆಫರಿ ನಮ್ಮ ಕಡೆಗೆ ಕೈ ತೋರಿದ.
ನನ್ನ ಬೆರಳು ಎರಡರ ಕೀಲಿಯ ಮೇಲೆ ಹೋಗಿ ಕೂತಿತ್ತು.
ಸೆಲ್ಮರ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.
"ರೀಬೌಂಡ್, ತಂಡ."

ಹುಡುಗಿಯರ ಹೆಸರೆಲ್ಲ ಮುಗಿದ ಮೇಲೆ
ಪಟ್ಟಿಯ ತಳದಲ್ಲೊಂದು ಸಾಲುಂಟು, ಹೆಸರೇ ತಂಡ.
ಯಾರ ಕೈಗೂ ಸಿಗದೆ ನಮ್ಮದಾದದ್ದು
ಅಲ್ಲಿಗೆ ಹೋಗಿ ಬೀಳುತ್ತದೆ.
ಆ ಸಾಲಿಗೆ ನಿಮಿಷವಿಲ್ಲ, ಅಂಗಿಯ ನಂಬರಿಲ್ಲ,
ಅದಕ್ಕಾಗಿ ಯಾರಪ್ಪನೂ ಎದ್ದು ನಿಲ್ಲುವುದಿಲ್ಲ.
ಅಲ್ಲಿ ನಾಲ್ಕಿತ್ತು, ಐದಾಯಿತು.

ಉಳಿದ ಏಳು ಸೆಕೆಂಡಿನಲ್ಲಿ ಏನೂ ಆಗಲಿಲ್ಲ.
ಐವತ್ತೆಂಟು, ಅರವತ್ತೊಂದು.
ಫ್ರೀ ಥ್ರೋ ಹದಿನೇಳಕ್ಕೆ ಒಂಬತ್ತು:
ಸೋತದ್ದು ಮೂರರಿಂದ, ಕೈಯಾರೆ ಬಿಟ್ಟದ್ದು ಎಂಟು.
ಪ್ರಿಂಟರು ಕಾಗದ ಉಗುಳಿತು, ಬಿಸಿಬಿಸಿ.
ಕಂಪ್ಯೂಟರು ಕೂಡಿಟ್ಟದ್ದನ್ನೇ ಸೆಲ್ಮರ್
ಪೆನ್ಸಿಲಿನಲ್ಲಿ ಇನ್ನೊಮ್ಮೆ ಕೂಡಿದರು, ನಿಮಿಷಗಳನ್ನು.
ಇನ್ನೂರು.
ಗೆದ್ದವರದೂ ಇನ್ನೂರೇ.
ಕೋರಾಳ ಒಂದನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಮಾರಿತ್ ಬಂದಳು, ಮೊಣಕಾಲಿಗೆ ಐಸು ಕಟ್ಟಿಕೊಂಡು.
ಕಾಗದದ ಮೇಲೆ ಬೆರಳಿಟ್ಟು
ತನ್ನ ಸಾಲನ್ನು ಕೊನೆಯವರೆಗೂ ಓದಿದಳು.
"ತಾಗಿತ್ತು, ಅಜ್ಜ."
"ತಾಗಿತ್ತು. ಹಿಡಿತವಿರಲಿಲ್ಲ."
ಬೆರಳು ಕೆಳಗಿಳಿಯಿತು, ಡೆಸಾಳನ್ನು ದಾಟಿ, ಕೋರಾಳನ್ನು ದಾಟಿ,
ಆ ಐದರ ಮೇಲೆ ನಿಂತಿತು.
"ಹಾಗಾದರೆ ಇದರಲ್ಲಿ ನನ್ನದೆಷ್ಟು?"

ನಾನು ವೈರು ಸುತ್ತುವ ಕೆಲಸ ಹಚ್ಚಿಕೊಂಡೆ.
ತಲೆ ಎತ್ತಿದಾಗ ಕುರ್ಚಿ ಖಾಲಿ.
ಗಾಜಿನ ಬಾಗಿಲಾಚೆ, ಕಂಬದ ದೀಪದಡಿ,
ಸೆಲ್ಮರ್ ಅವಳ ಕಾರಿನ ಮೂಗುದಾರ ಬಿಚ್ಚಿ
ಮಂಜು ಕೆರೆಯುತ್ತಿದ್ದರು,
ಮೊದಲು ಅವಳು ಕೂರುವ ಬದಿ,
ಆಮೇಲೆ ಉಳಿದದ್ದು.