ಗೆಣ್ಣುಗಳು

ಕುಮಾಸಿಯ ಪೇಟೆಯಲ್ಲಿ ಕೊಂಡ ಕ್ರೀಮಿಗೆ
ಸೆರ್ವಾಳ ಕೆನ್ನೆ ಒಪ್ಪಿತು, ಕತ್ತು ಒಪ್ಪಿತು;
ಬೆರಳ ಗೆಣ್ಣುಗಳು ಮಾತ್ರ
ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಆಮೇಲೆ ಉರಿ. ಬಿಸಿಲಿಗೆ ಉರಿ, ಬೆವರಿಗೆ ಉರಿ,
ದಿಂಬಿನ ಬಟ್ಟೆ ಸೋಕಿದರೂ.

ದೊಡ್ಡಮ್ಮ ಪೋಕುವಾ ಏನೂ ಕೇಳಲಿಲ್ಲ.
ಕೋಕೋ ಸಿಪ್ಪೆ, ಬಾಳೆಸಿಪ್ಪೆ ಸುಟ್ಟಳು,
ಬೂದಿಯ ನೀರು ಸೋಸಿ
ತಾಳೆ ಎಣ್ಣೆಗೆ ಸುರಿದು
ಮಧ್ಯಾಹ್ನವಿಡೀ ತೊಳಸಿದಳು,
ರೇಡಿಯೋದ ಫುಟ್‌ಬಾಲ್ ಆಟಗಾರರನ್ನು ಬೈಯುತ್ತ.

ಬೆಲ್ಲದಂತೆ ಮುರಿಯುವ ಕಪ್ಪು ಮುದ್ದೆ.
"ಅಂಗೈಲಿ ನೊರೆ ಮಾಡ್ಕೊ, ಮುದ್ದೆಯನ್ನೇ ತಿಕ್ಕಬೇಡ."
"ಇದರಿಂದ ಬಣ್ಣ ಬರುತ್ತಾ?"
"ಬಣ್ಣ ಗಿಣ್ಣ ಗೊತ್ತಿಲ್ಲ. ನಿದ್ದೆ ಬರುತ್ತೆ."

ಮೂರು ವಾರ.
ಕನ್ನಡಿಗಿಂತ ಮೊದಲು
ದಿಂಬಿಗೆ ಗೊತ್ತಾಯಿತು.
ಕೆನ್ನೆ ಈಗ ನಿಧಾನ, ನಾಚುತ್ತ,
ಗೆಣ್ಣುಗಳ ಬಳಿಗೆ ಮರಳುತ್ತಿದೆ.