ನಿವ್ವಳ ತೂಕ

ಒಂಬೈನೂರು ರೂಪಾಯಿಯ ಕ್ಯಾಮೆರಾ.
ಕಿಟಕಿಯ ಸರಳಿಗೆ ಸೈಕಲ್ ಟ್ಯೂಬಿನ ರಬ್ಬರಿನಿಂದ
ಉತ್ತಯ್ಯ ಸಾರ್ ತಾವೇ ಬಿಗಿದು ಕಟ್ಟಿದ್ದು,
ಹೋದ ವರ್ಷ ಆಡಿಟ್‌ನವರು
ಹನ್ನೊಂದು ಚೀಲದ ಲೆಕ್ಕ ಕೇಳಿದ ಮೇಲೆ.

ಕಂಪ್ಯೂಟರಿಗೆ ಪಟ ತೆಗೆಯುವ ಪುಟ್ಟ ಸಾಧನ ಹಾಕಿಕೊಟ್ಟವನು
ಮಡಿಕೇರಿಯ ಹುಡುಗ. ಬೈಕಿನಿಂದ ಇಳಿದವ ಹೆಲ್ಮೆಟ್ಟೂ ತೆಗೆಯಲಿಲ್ಲ.
'ಇದರಲ್ಲಿ ಕಲಿಯಲಿಕ್ಕೆ ಏನೂ ಇಲ್ಲ ಅಕ್ಕ.
ಒಂದು ಚೌಕ, ಅದರ ಕೆಳಗೊಂದು ಗುಂಡಿ.
ಲಾರಿ ನಿಂತಾಗ ಒತ್ತಿ. ಪಟ ತಾನೇ ಹೋಗಿ ಕೂರುತ್ತದೆ,
ದಿನಾಂಕವೇ ಅದರ ಹೆಸರು.'

ನಿಜ, ಏನೂ ಇರಲಿಲ್ಲ.
ಸುಂಟಿಕೊಪ್ಪದ ಲಾರಿ ಬಂತು, ಒತ್ತಿದೆ.
ಸಿದ್ದಾಪುರದ್ದು, ಪಾಲಿಬೆಟ್ಟದ್ದು, ಒತ್ತಿದೆ.
ಚೆರಿ ಚೀಲದ ಮೇಲೆ ಮಲಗಿದ್ದ ಕ್ಲೀನರ್ ಹುಡುಗನನ್ನು
ಕೂಗಿ ಎಬ್ಬಿಸಿ, ಇಳಿಸಿ, ಆಮೇಲೆ ಒತ್ತಿದೆ.
ಇಲ್ಲದಿದ್ದರೆ ಅವನೂ ಕಾಫಿಯಾಗುತ್ತಾನೆ,
ನಲವತ್ತೆರಡು ಕಿಲೋ.

ಮೊದಲು ತುಂಬಿದ ಲಾರಿ. ಆಮೇಲೆ ಗೋದಾಮಿಗೆ ಹೋಗಿ
ಚೀಲ ಇಳಿಸಿ ಬಂದ ಖಾಲಿ ಲಾರಿ.
ಅದರಿಂದ ಇದನ್ನು ಕಳೆದರೆ ನಿವ್ವಳ.
ಹೊಟ್ಟಿನ ಘಾಟಿಗೆ ಸೀನುತ್ತ ಸೀನುತ್ತ
ಎಂಟು ಸೀಸನ್ನು ನಾನು ಮಾಡಿದ್ದು ಇಷ್ಟೇ, ಕಳೆಯುವ ಲೆಕ್ಕ.

ಜನವರಿಯಲ್ಲಿ ಕುಶಾಲನಗರಕ್ಕೆ ಬೇಗ ಕತ್ತಲು.
ಟ್ಯೂಬ್‌ಲೈಟ್ ಹಾಕಿದೊಡನೆ ಕಿಟಕಿಯ ಗಾಜು
ಹೊರಗಿನದನ್ನು ಅರ್ಧ ಬಿಟ್ಟು ಒಳಗಿನದನ್ನು ಹಿಡಿಯುತ್ತದೆ.
ಅದು ಗೊತ್ತಾಗಿದ್ದು
ಹಂಸಾಕ ತನ್ನ ಚೀಟಿಗೆ ಪಟದ ಪ್ರಿಂಟೂ ಬೇಕೆಂದು
ಜಗಳ ತೆಗೆದ ದಿನ.
ಕಾಗದದಲ್ಲಿ ಲಾರಿಯಿದೆ, ಕೆಎ ಹನ್ನೆರಡು ಇದೆ,
ಆ ಅಂಕಿಗಳ ಹಿಂದೆ, ರೇಡಿಯೇಟರಿನ ಜಾಲರಿಯೊಳಗೆ
ಯಾರೋ ಹೆಂಗಸು. ಕತ್ತಿಗೆ ಮಫ್ಲರ್ ಸುತ್ತಿಕೊಂಡು
ಆಕಳಿಸುತ್ತಿದ್ದಾಳೆ.
'ಇದಾರು, ಮೋಹಿನಿಯಾ?' ನಕ್ಕ ಹಂಸಾಕ.
ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡ. ಜಗಳ ಮರೆತ.

ಆ ರಾತ್ರಿ ಬಸ್ಸು ಹೋದರೆ ಹೋಗಲಿ ಎಂದು ಫೋಲ್ಡರ್ ಬಿಚ್ಚಿದೆ.
ಸಂಜೆ ಆರರ ನಂತರದ ಪಟಗಳಲ್ಲೆಲ್ಲ ನಾನೇ.
ಹೆಡ್‌ಲೈಟು ಕೆನ್ನೆಯಲ್ಲಿ,
ಬಂಪರಿಗೆ ಕಟ್ಟಿದ ನಿಂಬೆಹಣ್ಣು ಹಣೆಯಲ್ಲಿ.
ಒಂದರಲ್ಲಿ ಡಬ್ಬಿಯಿಂದ ಕಡಂಬಿಟ್ಟು ತಿನ್ನುತ್ತಿದ್ದೇನೆ.
ಒಂದರಲ್ಲಿ ಫೋನು ಕಿವಿಗೊತ್ತಿ ಅಳುತ್ತಿದ್ದೇನೆ,
ಹದಿನೇಳನೇ ತಾರೀಕು, ಏಳು ಗಂಟೆ ನಾಲ್ಕು ನಿಮಿಷ,
ಆಸ್ಪತ್ರೆಯಿಂದ ತಂಗಿ ಮಾತಾಡಿದ್ದು.
ಅತ್ತದ್ದು ನೆನಪಿದೆ. ಅಳುತ್ತಲೇ ಗುಂಡಿ ಒತ್ತಿದ್ದು ನೆನಪಿಲ್ಲ.
ಒಂಬತ್ತು ಟನ್ ನೂರ ಇಪ್ಪತ್ತು.
ತೂಕ ಸರಿಯಾಗಿಯೇ ಬರೆದಿದ್ದೇನೆ.

ಮದುವೆಯ ಆಲ್ಬಮ್ ಬಿಟ್ಟರೆ
ನನ್ನದು ಅಂತ ಇರುವ ಪಟಗಳೆಷ್ಟು?
ಆಧಾರಿನದ್ದು, ರೇಷನ್ ಕಾರ್ಡಿನದ್ದು. ಎರಡರಲ್ಲೂ ಹೆದರಿದ ಕೋಳಿ.
ಇಲ್ಲಿ ಯಾರೂ ನಗಿ ಅನ್ನಲಿಲ್ಲ, ಗಲ್ಲ ಎತ್ತಿ ಅನ್ನಲಿಲ್ಲ.
ಮುನ್ನೂರ ಹನ್ನೆರಡು ಚೋಂದಮ್ಮಂದಿರು,
ಒಬ್ಬೊಬ್ಬಳ ಎದೆಯಲ್ಲೂ ಒಂದೊಂದು ಲಾರಿ.

ಬೆಳಿಗ್ಗೆ ಉತ್ತಯ್ಯ ಸಾರ್‌ಗೆ ನಾನೇ ಹೇಳಿದೆ.
ಹಳೇ ಕೊಡೆಯ ಬಟ್ಟೆ ಹರಿದು ತಂದರು,
ನನ್ನ ಕುರ್ಚಿ ಹತ್ತಿ ನಿಂತು
ಕ್ಯಾಮೆರಾದ ಸುತ್ತ ಕಪ್ಪು ಗೂಡು ಮಾಡಿದರು.
'ಈಗ ನೋಡು, ಲಾರಿ ಮಾತ್ರ.'
ಲಾರಿ ಮಾತ್ರ.

ಹಳೆಯವನ್ನು ಅಳಿಸುವ ಹಾಗಿಲ್ಲ, ಮೂರು ವರ್ಷ ಇಡಬೇಕಂತೆ.
ಆಡಿಟ್‌ನವರು ಒಂದೊಂದೇ ತೆಗೆದು ನೋಡುತ್ತಾರಂತೆ.
ನೋಡಲಿ. ತುಂಬಿದ್ದರಲ್ಲೂ ಇದ್ದೇನೆ, ಖಾಲಿಯಲ್ಲೂ ಇದ್ದೇನೆ,
ಕಳೆದರೆ ಲೆಕ್ಕಕ್ಕೆ ಒಂದು ಗ್ರಾಮೂ ತಗಲುವುದಿಲ್ಲ.

ಇವತ್ತು ಕೊನೆಯ ಲಾರಿ ಹೋದ ಮೇಲೆ
ಪರದೆಯ ಚೌಕದಲ್ಲಿ ಬರೀ ಮಂಜು.
ಕೊಡೆಬಟ್ಟೆಯ ತುದಿ ಒಂದಿಷ್ಟು ಎತ್ತಿ ಹಿಡಿದು
ಎಡಗೈಯಲ್ಲಿ ಒತ್ತಿದೆ.
ತೂಕದ ಪೆಟ್ಟಿಗೆಯಲ್ಲಿ ಕೆಂಪು ಸೊನ್ನೆ ಮಿನುಗುತ್ತಿತ್ತು.
ಬಾಗಿಲು ಹಾಕಿ, ಬೀಗ ಎರಡು ಸಲ ಜಗ್ಗಿ ನೋಡಿ
ಕೂಡಿಗೆಯ ಬಸ್ಸಿಗೆ ಓಡಿದೆ.