ಕಚ್ಚಾ ಹೊಲಿಗೆ

ಕೌಲ್ ಬಜಾರಿನ ಜೀನ್ಸ್ ಗೋದಾಮು.
ಐತವಾರ ರಾತ್ರಿ ಮಷೀನುಗಳನ್ನು ಗೋಡೆಗೆ ಸರಿಸಿ
ಕಟಿಂಗ್ ಮೇಜಿನ ಮೇಲೆ ಪ್ರೊಜೆಕ್ಟರ್ ಇಟ್ಟೆವು.
ಪರದೆಗೆ, ಗುಂಡಿ ಬಡಿಯುವ ಶೆಕ್ಷಾವಲಿಯ ಮದುವೆಯ ಹಾಸು;
ಇಸ್ತ್ರಿಗೂ ಬಗ್ಗದ ಒಂದು ಮಡಿಕೆ ನಟ್ಟನಡುವೆ.

ಊರು ಯಾವುದೋ, ಯಹೂದಿಗಳ ಊರು.
ನಾಜಿಗಳು ಬಂದು ಒಯ್ಯುವ ಮೊದಲೇ
ತಮ್ಮನ್ನು ತಾವೇ ಒಯ್ದುಬಿಡುವುದೆಂದು ಪಂಚಾಯ್ತಿ.
ಹಳೇ ರೈಲೊಂದು. ಅರ್ಧ ಊರು ಕೈದಿ, ಇನ್ನರ್ಧ ಕಾವಲು.
ಯಾರು ನಾಜಿಯಾಗಬೇಕೆಂದು ಮೂರು ದಿನ ಜಗಳ,
ಆದವನು ನಾಲ್ಕನೇ ದಿನ ಹೆಂಡತಿಗೂ ಸಲ್ಯೂಟ್ ಕೇಳಿದ.

ಇಂಗ್ಲಿಷ್ ಅಕ್ಷರ ಓದಿ ನಮಗೆ ಹೇಳುವವಳು
ರಾತ್ರಿಶಾಲೆಯ ಪದ್ಮಾಕ್ಷಿ ಟೀಚರು.
ಅವಳ ಮಾತು ಚಿತ್ರಕ್ಕಿಂತ ಒಂದು ಗೇಣು ಹಿಂದೆ.
ಹೀಗಾಗಿ, ಮುದುಕ ಚಾಷ್ಟಿ ಮಾಡಿದಾಗ ನಾವು ಗಪ್‌ಚಿಪ್,
ಬಂದೂಕು ಅವನೆದೆಗೆ ಬಂದಾಗ
ಗೋದಾಮೆಲ್ಲ ಗೊಳ್ಳೆಂದಿತು.
ನಕ್ಕ ಬಾಯನ್ನು ಎಲ್ಲಿಡುವುದೆಂದು ತಿಳಿಯದೆ ಕೂತೆವು.

ಹೆಸರು ಕೂಗಿ ರೈಲು ಹತ್ತಿಸುವ ಹೊತ್ತು.
ಹುಸೇನಪ್ಪ ಮಾಸ್ತರ ಎಲೆಅಡಿಕೆ ದವಡೆಗೆ ಸರಿಸಿ,
"ನನ್ನ ಹೆಸರು ಕೂಗಿದ್ರ ಯಾವ ಡಬ್ಬಿ ಹತ್ತಲಿ?
ಹುಸೇನಾ ಇತ್ಲಾಗ ಬಾ ಅಂದು
ಅಪ್ಪಾ ಅತ್ಲಾಗ ಹೋಗು ಅಂದ್ರ?"
ಅವ್ವ ಪೀರಲದೇವರಿಗೆ ಬೇಡಿ ಹಡೆದವನು.
ಆ ರಾತ್ರಿ ಸರಿಯಾದ ಹೊತ್ತಿಗೆ ಬಂದ ನಗು ಅದೊಂದೇ.

ಹೊರಗೆ ಅದಿರಿನ ಗೂಡ್ಸು. ಐವತ್ತೆಂಟು ಡಬ್ಬಿ.
ಹಾಸು ನಡುಗಿ, ಪರದೆಯ ರೈಲು ಹಳಿ ತಪ್ಪಿ
ಮತ್ತೆ ಮಡಿಕೆ ದಾಟಿ ಹೊರಟಿತು.

ಹುಸೇನಪ್ಪನ ಕಣ್ಣು ಕತೆಯ ಮೇಲಿಲ್ಲ:
"ಆ ಸಾಹೇಬನ ಕೋಟು ನೋಡ್ರಿ, ಎಡಭುಜ ಇಳದೈತಿ.
ರಾತ್ರೋರಾತ್ರಿ ಹೊಲದಾನ, ಕಚ್ಚಾ ದಾರ ಕಿತ್ತಿಲ್ಲ.
ನಮ್ಮಾತನ ಕೈ ನಡುಗಿರಬೇಕು, ಪಾಪ."
ನಮ್ಮಾತ ಎಂದದ್ದು, ಪರದೆಯಲ್ಲಿ ಒಮ್ಮೆ ಮಾತ್ರ ಕಂಡ
ಬಾಯಲ್ಲಿ ಗುಂಡುಪಿನ್ನು ಕಚ್ಚಿದ ಆ ದರ್ಜಿಗೆ.

ಕೊನೆಗೊಂದು ಮುಖ, ಬೆನ್ನಿಗೊಬ್ಬ ಸಿಪಾಯಿ,
ಕೆಳಗೆ ಎರಡು ಸಾಲು ಅಕ್ಷರ.
ಟೀಚರು ಓದಿದಳು, ತುಟಿಯಲ್ಲಷ್ಟೆ.
"ಏನಂತ್ರೀ?"
ನೀರು ಕುಡಿದಳು. ಬಾಟಲಿಯ ಮುಚ್ಚಳ ತಿರುವಿ ತಿರುವಿ ಹಾಕಿ,
"ಗಡಿ ದಾಟಿದ್ರಂತ. ಎಲ್ಲಾರೂ."
ಚಪ್ಪಾಳೆ. ಯಾರದೋ ಕಾಲು ತಾಕಿ ಡಬ್ಬ ಉರುಳಿ
ನೆಲದ ತುಂಬ ತಾಮ್ರದ ಗುಂಡಿ.

ಹೆಕ್ಕಲು ಬಗ್ಗಿದಾಗ, ಮೇಜಿನ ಅಡಿಯಲ್ಲಿ,
ನನ್ನ ಕಿವಿಗಷ್ಟೇ ಹುಸೇನಪ್ಪ:
"ಕಡೀಗೆ ಬಂದ ಸಿಪಾಯಿನ್ನ ನೋಡಿದೇನು?
ಭುಜ ಎರಡೂ ಸಮ. ಕಂಪನಿ ಹೊಲಿಗಿ.
ಟೀಚರಿಗೆ ಹೇಳಬ್ಯಾಡ."